ಸೇತುವೆ ಕಾದ ನಮ್ಮ ಭಾವ

ಹಾಸನ ಜಿಲ್ಲೆಯಲ್ಲಿ ಎತ್ತಿನ ಗಾಡಿಗೆ ಸೀಟಿ ಊದಿದ ಮೊದಲ ಮಹಾಪುರುಷರು ನಮ್ಮ ಭಾವನವರೇ ಎಂದು ನಾನು ಎಲ್ಲಿ ಬೇಕಾದರೂ ಆಣೆಯಿಟ್ಟು ಹೇಳಬಲ್ಲೆ! ಹೆಸರು ಮಾತ್ರ ಕೇಳಬೇಡಿ. ಗಂಡನ ಅಣ್ಣನ ಹೆಸರನ್ನು ಬಾಯಿಬಿಟ್ಟು ಹೇಳುವ ಕಾಲದ ಸೊಸೆಯಲ್ಲ ನಾನು.

ಮದುವೆಯಾಗಿ ದಂಡಿಗನಹಳ್ಳಿ ಕಡೆಯ ಆ ಮನೆಗೆ ನಾನು ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಊರಿನಿಂದ ಹಾಸನದ ದೊಡ್ಡ ರಸ್ತೆ ಸೇರಿ ಒಂದಿಷ್ಟು ದೂರ ಹೋದರೆ ಹಳ್ಳಕ್ಕೆ ಅಡ್ಡಲಾಗಿ ಒಂದು ಹಳೇ ಸೇತುವೆ. ಎದುರುಬದುರು ಎರಡು ಗಾಡಿ ಬಂದರೆ ಒಂದು ಹಿಂದೆ ಸರಿಯಲೇಬೇಕು, ಅಷ್ಟು ಕಿರಿದು. ಸಂತೆಯ ದಿನವಂತೂ ಗಾಡಿ, ಲಾರಿ, ಬಸ್ಸು, ಕುರಿಮಂದೆ ಎಲ್ಲ ಅಲ್ಲಿ ಸಿಕ್ಕಿಕೊಂಡು ಗಂಟಾಗುತ್ತಿದ್ದವು. ಅಂಥ ದಿನ ಭಾವ ಹೊಲದ ಕೆಲಸ ಬಿಟ್ಟು, ಗಡಿಯಾರ ಮತ್ತು ನೋಟುಪುಸ್ತಕ ಹಿಡಿದು ಸೇತುವೆ ಕಟ್ಟೆಯ ಮೇಲೆ ಹಾಜರು!

ಒಮ್ಮೆ ಅರಕಲಗೂಡಿನಿಂದ ಅವರ ಸೋದರಮಾವ ಹಾಸನದ ಮೇಲೆ ನಮ್ಮಲ್ಲಿಗೆ ಬಂದರು. ಪಾಪ, ಇನ್ನೂ ಹೊಸಿಲು ದಾಟಿರಲಿಲ್ಲ.

“ಸೇತುವೆ ತಾವ ಎಷ್ಟೊತ್ತು ನಿಂತಿದ್ರಿ ಮಾವ?” ಎಂದರು ಭಾವ.

“ಮೊದ್ಲು ಒಂದ್ ಚೊಂಬು ನೀರು ಕೊಡ್ಲಾ!”

“ಕೊಡ್ತೀನಿ. ನಿಮ್ ಮುಂದೆ ಎಷ್ಟು ಗಾಡಿ ಇದ್ವು?”

“ಗಾಡಿ ಎಣ್ಸೋಕೇನ್ಲಾ ನಾನು ನೆಂಟನಾಗಿ ಬಂದಿರಾದು?”

ಒಳಗೆ ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಅತ್ತೆ ನಗಲಿಲ್ಲ. ಅದೇಕೆಂದು ಆಗ ನನಗೆ ಹೊಳೆಯಲೇ ಇಲ್ಲ.

ಇನ್ನೊಂದು ಸಲ ಸರ್ಕಾರದ ಇಂಜಿನಿಯರೊಬ್ಬರು ಜೀಪಿನಲ್ಲಿ ಬಂದು, ಸೇತುವೆಯ ಬಳಿ ವಾಹನ ಎಣಿಸಲು ನಿಂತರಂತೆ. ಬಸ್ಸು ಬಂದರೆ ಒಂದು ಗೀಟು, ಸೈಕಲ್ ಬಂದರೆ ಒಂದು ಗೀಟು. ನಮ್ಮ ಭಾವ ಸುಮ್ಮನಿದ್ದಾರೆಯೇ?

“ಸಾ, ಬಸ್ನಾಗೆ ಊರ್ ತುಂಬ ಜನ ಅವ್ರೆ, ಸೈಕಲ್‌ನಾಗೆ ಒಬ್ಬ. ಎರಡ್ಕೂ ಒಂದೊಂದೇ ಗೀಟಾ? ಬಂದಿದ್ದು ಎಣಿಸ್ಬ್ಯಾಡಿ ಸಾ, ದಾಟಿದ್ದು ಎಣಿಸಿ. ರಸ್ತೆ ತುಂಬೈತೆ ಅಂದ್ರೆ ರಸ್ತೆ ಕೆಲ್ಸ ಮಾಡ್ತೈತೆ ಅಂತಲ್ಲ.”

ಇಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡು, “ನೀವು ಏನು ಓದಿದ್ದೀರಿ?” ಎಂದು ಕೇಳಿದರು.

“ಲೋವರ್ ಸೆಕೆಂಡರಿ ಫೇಲು ಸಾ!”

ಫೇಲಾದವರ ನೋಟುಪುಸ್ತಕ ಒಂದು ವಿಷಯವನ್ನು ಮಾತ್ರ ಪಾಸು ಮಾಡಿಸಿತ್ತು. ಎರಡೂ ಕಡೆಯವರು ಒಟ್ಟಿಗೆ ನುಗ್ಗಿದರೆ ಅರ್ಧ ಗಂಟೆಯಲ್ಲಿ ದಾಟುವವರು ಬೆರಳೆಣಿಕೆಯಷ್ಟು. ಸರದಿಯ ಮೇಲೆ ಬಿಟ್ಟರೆ ಅಷ್ಟೇ ಹೊತ್ತಿನಲ್ಲಿ ಸಂತೆಗೆ ಸಂತೆಯೇ ದಾಟುತ್ತದೆ. ಭಾವ ಸೀಟಿ ತಂದರು. ಊದಿದ ಮೊದಲ ದಿನವೇ ಒಂದು ಜೋಡಿ ಎತ್ತು ಬೆದರಿ ಗಾಡಿಯ ಸಮೇತ ರಾಗಿ ಹೊಲಕ್ಕೆ ನುಗ್ಗಿತು!

“ನಿಲ್ಸೋಕೆ ನೀನ್ಯಾವನ್ಲಾ?” ಎಂದು ಗಾಡಿಯವನು ಕತ್ತಿನಪಟ್ಟಿ ಹಿಡಿದ. ಹರಿದ ಅಂಗಿಯಲ್ಲೇ ಮನೆಗೆ ಬಂದ ಭಾವ, ಮುಂದಿನ ಸಂತೆಗೆ ಸೀಟಿ ಬಿಟ್ಟು ಬಿಳೀ ಟವೆಲ್ ಹಿಡಿದು ಹೊರಟರು.

ಆ ದಿನ ನಾನು ತಡೆಯಲಾರದೆ ಅತ್ತೆಯ ಮುಂದೆಯೇ ನಕ್ಕುಬಿಟ್ಟೆ. “ಭಾವಂಗೆ ಇದೆಂಥ ಹುಚ್ಚು ಅತ್ತೆ?”

ಅತ್ತೆ ಮೊರದಲ್ಲಿದ್ದ ಅವರೆಕಾಳನ್ನು ಕೆಳಗಿಟ್ಟರು.

“ನೀನು ಬರೋಕ್ ಮುಂಚೆ ಅವನ ಎಂಡ್ತಿಗೆ ನೋವು ಬಂದಿತ್ತು ಕಣಮ್ಮ. ಆಸನದ ಆಸ್ಪತ್ರೆಗೆ ಅಂತ ಗಾಡಿ ಕಟ್ಕೊಂಡು ಓದ. ಸಂತೆ ದಿನ. ಸೇತುವೆ ಮ್ಯಾಲೆ ಸಿಕ್ಕಾಕೊಂಡ್ರು. ಒಬ್ಬೊಬ್ಬರ ಕಾಲೂ ಇಡ್ಕೊಂಡ. ಯಾರೂ ಕೆಟ್ಟೋರಲ್ಲ, ಇಂದಕ್ಕೆ ಓಗೋಕೇ ಜಾಗ ಇರ್ಲಿಲ್ಲ. ಗಾಡೀಲೇ ಎರಿಗೆ ಆಯ್ತು. ತಾಯಿ, ಕೂಸು, ಇಬ್ರೂ ಉಳೀಲಿಲ್ಲ.”

ಅಂದಿನಿಂದ ನಾನು ನಗಲಿಲ್ಲ. ಸಂತೆಯ ದಿನ ಬೇಗ ಎದ್ದು ಅವರಿಗೆ ರೊಟ್ಟಿ ಬುತ್ತಿ ಕಟ್ಟಿಕೊಡುತ್ತಿದ್ದೆ. ಅವರು ತಲೆ ತಗ್ಗಿಸಿಕೊಂಡೇ ತೆಗೆದುಕೊಂಡು ಹೋಗುತ್ತಿದ್ದರು.

ಎರಡು ವರ್ಷ ಕಳೆದು ನನಗೇ ದಿನ ತುಂಬಿತು. ನೋವು ಶುರುವಾಗಿ ಒಂದು ಹಗಲು, ಒಂದು ರಾತ್ರಿ ಕಳೆದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಕೈಚೆಲ್ಲಿ, ಹಾಸನಕ್ಕೆ ಕರೆದೊಯ್ಯಿರಿ ಎಂದಳು. ವಿಧಿಗೆ ಬೇರೆ ದಿನ ಸಿಗಲಿಲ್ಲವೇ? ಅಂದೂ ಸಂತೆ!

ಕಮಾನು ಗಾಡಿಯಲ್ಲಿ ನನ್ನನ್ನು ಮಲಗಿಸಿ ನನ್ನ ಗಂಡ ಎತ್ತು ಹೊಡೆದುಕೊಂಡು ಹೊರಟರು. ಭಾವ ಮುಂಚೆಯೇ ಓಡಿದ್ದರು. ಸೇತುವೆ ಹತ್ತಿರವಾದಂತೆ ಜನರ ಗದ್ದಲ ಕೇಳಿ, ನನ್ನ ಕಥೆಯೂ ಮುಗಿಯಿತು ಎಂದು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಭಾವನ ಕೂಗು:

“ನಿಲ್ಸ್ರಪ್ಪೋ! ನಮ್ ಮನೆ ಎಣ್ಮಗಳು ಅವ್ಳೆ ಗಾಡೀಲಿ!”

ಗದ್ದಲ ನಿಂತುಹೋಯಿತು. ಕಣ್ಣು ತೆರೆದು ನೋಡಿದರೆ, ಎರಡೂ ಕಡೆ ಗಾಡಿಗಳು ಪಕ್ಕಕ್ಕೆ ಸರಿದು ನಿಂತಿವೆ. ಭಾವನ ಕತ್ತಿನಪಟ್ಟಿ ಹಿಡಿದಿದ್ದ ಆ ಗಾಡಿಯವನೇ ತನ್ನ ಎತ್ತುಗಳ ಮೂಗುದಾರ ಬಿಗಿಹಿಡಿದು ನಿಂತಿದ್ದಾನೆ. ನಮ್ಮ ಗಾಡಿ ಒಂದು ಕ್ಷಣವೂ ನಿಲ್ಲದೆ ದಾಟಿತು.

ಮಾರನೆಯ ದಿನ ಬೆಳಿಗ್ಗೆ ಭಾವ ಆಸ್ಪತ್ರೆಗೆ ಬಂದು ಬಾಗಿಲಲ್ಲೇ ನಿಂತರು. “ಹೆಣ್ಣು ಮಗು ಭಾವ” ಎಂದೆ. ನಾನು ಅವರೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

“ನಮ್ದೂ ಎಣ್ಣೇ ಆಗಿತ್ತು ಕಣಮ್ಮ” ಎಂದರು. ಕೂಸನ್ನೇ ನೋಡುತ್ತಾ, “ಬೆಚ್ಚಗೇ ಇತ್ತು. ನಂಗೆ ಎತ್ಕೊಳ್ಳೋಕೆ ಕೊಡ್ಲೇ ಇಲ್ಲ” ಎಂದರು.

ನಾನು ಕೂಸನ್ನು ಎರಡೂ ಕೈಯಲ್ಲಿ ಅವರತ್ತ ಚಾಚಿದೆ. ಎತ್ತಿಕೊಂಡು ಮೂಲೆಯಲ್ಲಿ ನೆಲದ ಮೇಲೆ ಕುಳಿತರು. ಹೆಗಲು ಕುಲುಕುವುದು ಕಾಣುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಮಧ್ಯಾಹ್ನ ಮಗು ಹಸಿದು ಅಳತೊಡಗಿದಾಗ ನಾನು ಕೈಚಾಚಿದೆ.

“ಇನ್ನೊಂದ್ ಗಳಿಗೆ ತಾಯಿ,” ಎಂದರು.