ಪೆಟ್ರೋಲಿನಲ್ಲಿ ಮುಳುಗಿದ ಓಢಣಿ

ಯಂತ್ರ ಅಂದಮೇಲೆ ಯಂತ್ರ, ಅದಕ್ಕೆ ಟೈರಿದ್ದರೇನು, ಕೀಬೋರ್ಡಿದ್ದರೇನು ಎಂಬುದು ಆತಿಫನ ಸಿದ್ಧಾಂತ. ದಾಂಡೇಲಿಯ ಕುಳಗಿ ರಸ್ತೆಯಲ್ಲಿರುವ ಅವನ ಗ್ಯಾರೇಜಿಗೆ ತಳ್ಳಿಕೊಂಡು ಬಂದ ಬೈಕು ತಳ್ಳಿಕೊಂಡೇ ವಾಪಸು ಹೋದ ಇತಿಹಾಸವಿಲ್ಲ. ಇಂಥ ಮಹಾಪುರುಷನ ಮನೆಯಲ್ಲೇ, ಹೆಂಡತಿ ಮೆಹರೀನಳ ಕಂಪ್ಯೂಟರು ಗುಂಡಿ ಒತ್ತಿದ ಮೇಲೂ ಏಳಲೋ ಬೇಡವೋ ಎಂದು ಯೋಚಿಸುತ್ತ ಕೂರುತ್ತಿತ್ತು. ಅವಳು ಅದನ್ನು ಚಾಲೂ ಮಾಡಿ, ಅನ್ನಕ್ಕಿಟ್ಟು, ಗಂಜಿ ಬಸಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಮೆಹರೀನ ಮನೆಯಲ್ಲೇ ಕಸೂತಿ ಮಷಿನ್ನು ಇಟ್ಟುಕೊಂಡವಳು. ಅವಳು ಕಂಪ್ಯೂಟರಿನಲ್ಲಿ ಹೂವು ಬಿಡಿಸಿ ಕೊಟ್ಟರೆ ಮಷಿನ್ನು ಅದನ್ನೇ ಬಟ್ಟೆಯ ಮೇಲೆ ಹೊಲಿಯುತ್ತಿತ್ತು.

“ಇದನ್ನ ಹಾರಿಸಿ ತೋರಸಲಿಲ್ಲಂದ್ರ ನನ್ನ ಹೆಸರು ಆತಿಫ ಅಲ್ಲ” ಎಂದು ಅವನು ಪಣ ತೊಟ್ಟ.

ಕಂಪ್ಯೂಟರ್ ಅಂಗಡಿಯ ಶೇಖಪ್ಪ ಉಪಾಯ ಹೇಳಿದ. ಹಳೆಯ ಹಾರ್ಡ್ ಡಿಸ್ಕು ಹಾಗೇ ಇರಲಿ, ಅದರ ಮುಂದೆ ಒಂದು ಪುಟ್ಟ ಕ್ಯಾಶ್ ಡ್ರೈವ್ ಕೂರಿಸಿದರೆ ಸಾಕು. ದಿನಾ ಬೇಕಾಗುವುದನ್ನೆಲ್ಲ ಅದು ಬಾಗಿಲಲ್ಲೇ ಇಟ್ಟುಕೊಂಡು ಕೇಳಿದ ಕೂಡಲೇ ಕೊಡುತ್ತದೆ, ದೊಡ್ಡ ಡಿಸ್ಕು ಒಳಗೆ ಹುಡುಕಾಡುವ ಗೋಜಿಲ್ಲ. ಆತಿಫ ಬಿಸ್ಕೀಟಿನಷ್ಟಗಲದ ಆ ಹಸಿರು ತುಂಡನ್ನು ತಂದು ಕೂರಿಸಿದ. ಸುರಕ್ಷಿತವಾಗಿ ಓಡಲೋ, ಗರಿಷ್ಠ ವೇಗದಲ್ಲಿ ಓಡಲೋ ಎಂದು ಪರದೆ ಕೇಳಿತು. ಬೈಕ್ ಮೆಕ್ಯಾನಿಕ್ಕನಿಗೆ ಕೇಳುವ ಪ್ರಶ್ನೆಯೇ ಇದು? ಗರಿಷ್ಠಕ್ಕೇ ಒತ್ತಿದ. ಡ್ರೈವ್ ತೆಗೆಯುವ ಮೊದಲು ನನ್ನನ್ನೊಂದು ಮಾತು ಕೇಳಿ ಎಂದು ಶೇಖಪ್ಪ ಹೇಳಿದ್ದು ಮಾತ್ರ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಯಿತು.

ಮರುದಿನದಿಂದ ಕಂಪ್ಯೂಟರು ಗುಂಡಿ ಮುಟ್ಟುವುದೇ ತಡ, ಎದ್ದು ನಿಲ್ಲತೊಡಗಿತು. ಆತಿಫ ಆ ಸುದ್ದಿಯನ್ನು ಊರಾಚೆಯ ಮೌಳಂಗಿಯವರೆಗೂ ಮುಟ್ಟಿಸಿದ.

ಅದೇ ಹೊತ್ತಿಗೆ ಮುಂಡಗೋಡದಲ್ಲಿ ಮೆಹರೀನಳ ತಂಗಿ ಅಸ್ಮಾಳ ಮದುವೆ ಗೊತ್ತಾಗಿತ್ತು. ಮದುಮಗಳು ತಲೆಗೆ ಹೊದೆಯುವ ಓಢಣಿಯ ಅಂಚಿಗೆ, ತಾಯಿ ಅಮೀರುನ್ನಿಸಾ ತನ್ನ ಪ್ರಾಯದಲ್ಲಿ ಕೈಯಿಂದ ಹಾಕುತ್ತಿದ್ದ ಕಸೂತಿಯ ಬಳ್ಳಿಯೇ ಬೇಕೆಂದು ಎಲ್ಲರ ಆಸೆ. ಆ ಬಳ್ಳಿ ಎಲ್ಲೂ ಉಳಿದಿರಲಿಲ್ಲ, ಮುದುಕಿಯ ತಲೆಯಲ್ಲಿ ಮಾತ್ರ ಇತ್ತು. ಕಣ್ಣಿಗೆ ಪೊರೆ ಬಂದು ಅವಳು ಸೂಜಿ ಹಿಡಿಯುವ ಹಾಗಿರಲಿಲ್ಲ. ಆಕೆ ದಾಂಡೇಲಿಗೇ ಬಂದು, ಮಗಳ ಪಕ್ಕ ಕೂತು, ಗಾಳಿಯಲ್ಲಿ ಬೆರಳಾಡಿಸುತ್ತ ಒಂದೊಂದೇ ಎಲೆ ಹೇಳಿದಳು. ಮೆಹರೀನ ಒಂದೊಂದೇ ಎಲೆ ಬಿಡಿಸಿದಳು. ಮುಗಿದ ದಿನ ತಾಯಿಮಗಳು ಇಬ್ಬರೂ ಕಣ್ಣೊರೆಸಿಕೊಂಡರು. ಮರುದಿನ ಬೆಳಿಗ್ಗೆ ಮೆಹರೀನ ತಾಯಿಯನ್ನು ಮುಂಡಗೋಡಕ್ಕೆ ಬಿಟ್ಟು, ಅಲ್ಲಿಂದ ಬಟ್ಟೆ ತರಲು ಹುಬ್ಬಳ್ಳಿಗೆ ಹೋಗುತ್ತೇನೆಂದು ಹೇಳಿ ಹೊರಟಳು.

ಮನೆ ಖಾಲಿಯಾದದ್ದೇ ಆತಿಫನ ತಲೆಗೆ ಕೆಲಸ ಬಂತು. ಗ್ಯಾರೇಜಿನಲ್ಲಿ ಬಿಲ್ಲು ಹಾಕುವ ಇನ್ನೊಂದು ಮುದಿ ಕಂಪ್ಯೂಟರಿತ್ತಲ್ಲ, ಅದಕ್ಕೂ ಒಂದು ಡ್ರೈವ್ ಕೊಳ್ಳುವುದೇಕೆ? ತಣ್ಣಗಿದ್ದ ಬೈಕಿಗೆ ಚೋಕ್ ಎಳೆಯುತ್ತೇವೆ, ಇಂಜಿನ್ನು ಬಿಸಿಯಾದ ಮೇಲೆ ಚೋಕ್ ಯಾರಿಗೆ ಬೇಕು? ಮನೆಯ ಕಂಪ್ಯೂಟರಿಗೆ ಇಷ್ಟು ದಿನದಲ್ಲಿ ಓಟ ರೂಢಿಯಾಗಿದೆ. ಹೀಗೆಂದುಕೊಂಡು ಹಸಿರು ತುಂಡನ್ನು ಕಿತ್ತು, ಹಳೇ ಪ್ಲಗ್ಗು ನಟ್ಟುಗಳಿದ್ದ ಅಂಗಿಯ ಜೇಬಿಗೇ ಇಳಿಬಿಟ್ಟ.

ಗ್ಯಾರೇಜಿನಲ್ಲಿ ಕುಳಗಿ ಕ್ಯಾಂಪಿನ ಫಾರೆಸ್ಟ್ ಗಾರ್ಡ್ ಗೂಳಪ್ಪ ಕೆಟ್ಟ ಬೈಕಿನ ಮೇಲೆ ಕೂತು ಗಡಿಬಿಡಿ ಮಾಡುತ್ತಿದ್ದ. ಆತಿಫ ಬಂದವನೇ, ರೂಢಿಯಂತೆ ಜೇಬಿನಲ್ಲಿದ್ದುದನ್ನೆಲ್ಲ ಪೆಟ್ರೋಲಿನ ತಟ್ಟೆಗೆ ಸುರಿದ. ಪ್ಲಗ್ಗು ಉಜ್ಜಿದ, ನಟ್ಟು ಉಜ್ಜಿದ, ಮೂರನೆಯದನ್ನು ಬ್ರಷ್ಷಿನಿಂದ ಚೆನ್ನಾಗಿ ತಿಕ್ಕಿ ಕಣ್ಣ ಹತ್ತಿರ ಹಿಡಿದ. ಅದು ಹಸಿರಾಗಿತ್ತು.

ಗೂಳಪ್ಪನನ್ನು ಅಲ್ಲೇ ಬಿಟ್ಟು ಮನೆಗೆ ಓಡಿ ಕಂಪ್ಯೂಟರಿನ ಗುಂಡಿ ಒತ್ತಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನೋ ಬಂದು ಅಲ್ಲೇ ನಿಂತಿತು. ಆರಿಸಿ, ಶೇಖಪ್ಪನಿಗೆ ಫೋನು ಹಚ್ಚಿ ಕಿತ್ತದ್ದು, ಪೆಟ್ರೋಲಿಗೆ ಹಾಕಿದ್ದು ಎಲ್ಲ ಹೇಳಿದ. ಯಾವ ವೇಗಕ್ಕೆ ಇಟ್ಟಿದ್ದಿರಿ ಎಂದು ಶೇಖಪ್ಪ ಕೇಳಿದ. ಗರಿಷ್ಠ ಎಂದ ಆತಿಫ.

“ಆತಿಫ್‌ಭಾಯಿ, ಹಂಗ ಇಟ್ರ ಹೊಸಾ ಕೆಲಸ ಎಲ್ಲಾ ಮೊದಲ ಆ ಸಣ್ಣದರಾಗ ಬೀಳತೈತಿ. ದೊಡ್ಡ ಡಿಸ್ಕಿಗೆ ಆಮ್ಯಾಲೆ ಹೋಗತೈತಿ. ಹೋಗೂದ್ರಾಗ ನೀವು ಕಿತ್ತೀರಿ.”

“ಹಂಗಾದ್ರ ನಮ್ಮಾಕಿ ಬಿಡಿಸಿದ್ದ ಓಢಣಿ ಈಗ ಎಲ್ಲೈತಿ?”

“ನಿಮ್ಮ ಪೆಟ್ರೋಲ್ ತಟ್ಟಿಯೊಳಗ.”

ಅದನ್ನು ಸಂಜೆಯವರೆಗೆ ನೆರಳಲ್ಲಿ ಒಣಗಿಸಬೇಕು, ವಾಸನೆ ಪೂರ್ತಿ ಹೋಗುವ ತನಕ ಕರೆಂಟು ತೋರಿಸಬಾರದು, ಆಮೇಲೆ ದೇವರಿದ್ದಾನೆ ಎಂದು ಶೇಖಪ್ಪ ಫೋನಿಟ್ಟ. ಆತಿಫ ಅದನ್ನು ಬಾಣಂತಿಯ ಕೂಸಿನಂತೆ ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿ ಬೀಸಣಿಗೆಯಿಂದ ಗಾಳಿ ಹಾಕಿದ. ದೇವರಿದ್ದಾನೆ, ನಿಜ, ಆದರೆ ಮೆಹರೀನಳೂ ಇದ್ದಾಳಲ್ಲ! ಅವಳು ಬಟ್ಟೆ ಹಿಡಿದುಕೊಂಡು ಬಂದು ಕಂಪ್ಯೂಟರಿನ ಮುಂದೆ ಕೂರುವುದನ್ನು ನೆನೆದಾಗಲೆಲ್ಲ ಬೀಸಣಿಗೆಯನ್ನು ಇನ್ನಷ್ಟು ಜೋರಾಗಿ ಬೀಸುತ್ತಿದ್ದ. ಬಯ್ದರೆ ಬಯ್ಸಿಕೊಳ್ಳಬಹುದು. ಬಯ್ಯದೆ ಅತ್ತರೆ ಏನು ಮಾಡುವುದು?

ಕಡೆಗೆ ಮಧ್ಯಾಹ್ನ, ಹೆಂಡತಿ ಹುಬ್ಬಳ್ಳಿ ಸೇರಿರುತ್ತಾಳೆ ಎಂದುಕೊಂಡು, ಧೈರ್ಯ ತಂದುಕೊಂಡು ಅತ್ತೆಗೇ ಫೋನು ಮಾಡಿದ. ಮುಂಡಗೋಡದಲ್ಲಿ ಅವನೆಂದರೆ ದೊಡ್ಡ ಅಳಿಯ. ಅವನು ಹೋದ ದಿನ ಕೋಳಿಗೆ ಉಳಿಗಾಲವಿಲ್ಲ. ಅಂಥ ಗತ್ತನ್ನೆಲ್ಲ ಮಡಚಿ ಬದಿಗಿಟ್ಟು, ಚೋಕಿನಿಂದ ಹಿಡಿದು ಬ್ರಷ್ಷಿನವರೆಗೆ ಎಲ್ಲ ಒಪ್ಪಿಕೊಂಡ. ಬಳ್ಳಿಯನ್ನು ತನಗೆ ಇನ್ನೊಮ್ಮೆ ಹೇಳಬೇಕು, ಬರೆದಿಟ್ಟುಕೊಳ್ಳುತ್ತೇನೆ ಎಂದು ಬೇಡಿಕೊಂಡ.

“ಮೆಹರೀನಗ ಮಾತ್ರ ಗೊತ್ತಾಗಬಾರದ್ರಿ ಅಮ್ಮೀ. ನನಗ ಆಕಿ ಅಂದ್ರ ಭಾಳ ಅಂಜಿಕಿ.”

ಅಮೀರುನ್ನಿಸಾ ನಿಧಾನವಾಗಿ, ನಡುನಡುವೆ ನಿಂತು, ಹೇಳತೊಡಗಿದಳು. ಆತಿಫ ಬಿಡಿಭಾಗ ಬಂದಿದ್ದ ರಟ್ಟಿನ ಡಬ್ಬಿಯೊಂದನ್ನು ಹರಿದು ಅದರ ಮೇಲೆ ಬರೆದ. ಮಾವಿನಕಾಯಿ ಅಂದರೆ ಬ್ರೇಕ್ ಶೂ ಬಂತು. ಮಲ್ಲಿಗೆ ಮೊಗ್ಗು ಅಂದರೆ ಪ್ಲಗ್ಗು ಬಂತು. ಬಳ್ಳಿಯಂತೂ ಎಷ್ಟು ಬಳುಕಿಸಿದರೂ ಬೈಕಿನ ಚೈನೇ. ಹೇಗೆ ಬಂದಿದೆ ಎಂದು ಅತ್ತೆ ಕೇಳಿದಾಗ, ಅಂಜಿದವನ ಬಾಯಲ್ಲಿ ಸುಳ್ಳು ಹೊರಡಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ. ಆ ಕಡೆ ಯಾರೋ ಕೆಮ್ಮಿದರು. ಮದುವೆ ಮನೆ, ಜನ ಇರುವುದೇ ಎಂದುಕೊಂಡ.

ಸಂಜೆ ಹಸಿರು ತುಂಡನ್ನು ಮೂಸಿ ನೋಡಿದ. ಪೆಟ್ರೋಲು ಮೂಗಿಗೆ ಹತ್ತಲಿಲ್ಲ, ಆದರೆ ಮೆಕ್ಯಾನಿಕ್ಕನ ಮೂಗನ್ನು ನಂಬುವುದು ಹೇಗೆ? ಪಕ್ಕದ ಮನೆಯ ಸುವರ್ಣಾಬಾಯಿಯನ್ನು ಕರೆದು ಮೂಸಿಸಿದ. ಅವಳು ಏನೂ ವಾಸನೆಯಿಲ್ಲ ಎಂದು ಹೇಳಿ, ಅವನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ ಹೋದಳು. ತುಂಡನ್ನು ಇದ್ದ ಜಾಗದಲ್ಲಿ ಕೂರಿಸಿ, ಬೆಂಕಿ ಹತ್ತಿದರೆ ಇರಲಿ ಎಂದು ಒಂದು ಬಕೆಟ್ಟು ಮರಳು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ಮುಖ ಆ ಕಡೆ ತಿರುಗಿಸಿ ಗುಂಡಿ ಒತ್ತಿದ.

ಕಣ್ಣು ಬಿಟ್ಟಾಗ ಕಂಪ್ಯೂಟರು ಎದ್ದು ಕೂತಿತ್ತು. ಅಂಚಿನ ಬಳ್ಳಿ ಒಂದೆಲೆಯೂ ಉದುರದೆ ಪರದೆಯ ತುಂಬ ಹಬ್ಬಿತ್ತು. ಆತಿಫ ಮರಳಿನ ಬಕೆಟ್ಟಿನ ಮೇಲೇ ಕುಸಿದು ಕೂತು, ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟ.

ಆಮೇಲೆ ಮುಖ ತೊಳೆದು, ಗತ್ತನ್ನು ಪುನಃ ತೊಟ್ಟುಕೊಂಡು, ಅತ್ತೆಗೆ ಫೋನು ಮಾಡಿದ. ಎಲ್ಲ ಸರಿಯಾಯಿತು, ಮಧ್ಯಾಹ್ನದ ಮಾತು ಮರೆತುಬಿಡಿ, ಮೆಹರೀನಳಿಗೆ ಅದನ್ನು ಹೇಳುವ ಅಗತ್ಯವೇನೂ ಇಲ್ಲ ಎಂದ.

“ನಾ ಹೇಳೂದೇನ ಬಂತು ಬೇಟಾ” ಎಂದಳು ಅಮೀರುನ್ನಿಸಾ. “ನನಗ ಕಣ್ಣು ಕಾಣೂದಿಲ್ಲ, ಯಾವ ಗುಂಡಿ ಒತ್ತಬೇಕು ತಿಳಿಯೂದಿಲ್ಲ. ಆಕಿ ಹುಬ್ಬಳ್ಳಿಗೆ ನಾಳೆ ಹೊಂಟಾಳ. ಮಧ್ಯಾಹ್ನದಿಂದ ಫೋನು ಸ್ಪೀಕರಿಗೆ ಹಾಕಿ ಹಿಡಕೊಂಡು ಕುಂತಾಕಿ ಆಕೀನ. ನಾ ಮರತಲ್ಲೆ ಹೂವು ನೆನಪು ಮಾಡಿಕೊಟ್ಟಾಕೀನೂ ಆಕೀನ.”

ಫೋನಿನಲ್ಲಿ ಈಗ ಮೆಹರೀನಳ ದನಿ ಬಂತು.

“ಮೊದಲ ನನ್ನ ಜೀವಾನೂ ಹಾರಿತ್ರಿ. ಆದ್ರ ಮದುವ್ಯಾದಾಗಿಂದ ನೀವು ಇಷ್ಟು ಮೆತ್ತಗ ಮಾತಾಡಿದ್ದು ಕೇಳಿರಲಿಲ್ಲ, ನಡುವ ಬಾಯಿ ಹಾಕಾಕ ಮನಸ್ಸಾಗಲಿಲ್ಲ. ಆ ರಟ್ಟು ಒಗೀಬ್ಯಾಡ್ರಿ, ಮದುವಿಗೆ ಬರೂಮುಂದ ತಗೊಂಡ ಬರ್ರಿ. ಇಲ್ಲಿ ಹೆಣ್ಮಕ್ಕಳು ಮೊದಲ ನಿಮ್ಮ ಚೈನಿನ ಬಳ್ಳಿ ನೋಡತಾರಂತ, ಮದುಮಗಳನ್ನ ಆಮ್ಯಾಲೆ.”