ಹಾಜರಿ ಹೇಳದ ಡಾಕ್ಟರ್

ಜಡೆ ಊರಿನ ತೀರ್ಥೇಶ ಆ ಬೆಳಿಗ್ಗೆ ಆಡಬೇಕಾದ ಎರಡೇ ಎರಡು ಮಾತು ಆಡಲಿಲ್ಲ. ಅಷ್ಟಕ್ಕೇ ಮೂರು ಲೋಕ ನಡುಗಿತು!

ಊರಾಚೆಯ ಮುಚ್ಚಿದ ಶಾಲೆಯ ಮುಂದೆ ಬಸ್ಸು ಹಾಯುವಾಗ, ಅಲ್ಲಿ ಓದಿದವರೆಲ್ಲ "ಹಾಜರ್ ಸಾರ್" ಎನ್ನಬೇಕು. ಆನಂದಪ್ಪ ಮೇಷ್ಟ್ರು ಸತ್ತು ಹನ್ನೆರಡು ವರ್ಷವಾದರೂ ಹಾಜರಿ ಕರೆಯುವುದು ಬಿಟ್ಟಿಲ್ಲವೆಂಬುದು ಸುತ್ತ ಹದಿನಾಲ್ಕು ಹಳ್ಳಿಗೆ ಗೊತ್ತು. ಎಮ್ಮೆಗಳೂ ಅಲ್ಲಿ ತಲೆ ಬಗ್ಗಿಸಿಯೇ ನಡೆಯುತ್ತವೆ.

ತೀರ್ಥೇಶನಿಗೆ ಮೊನ್ನೆಯಷ್ಟೇ ಪಿಎಚ್.ಡಿ. ಬಂದಿತ್ತು. ಹನ್ನೊಂದಕ್ಕೆ ಶಿಕಾರಿಪುರದ ಕಾಲೇಜೊಂದರಲ್ಲಿ ಸಂದರ್ಶನ. ಒಂಬತ್ತು ವರ್ಷ ಕಾದ ಕೆಲಸ. ಬಸ್ಸು ಶಾಲೆಯ ಮುಂದೆ ಬಂದಾಗ ಬಿಗುಮಾನದಿಂದ ಬಾಯಿ ಹೊಲಿದುಕೊಂಡು ಕೂತ.

ಬಸ್ಸು ಗಕ್ಕನೆ ನಿಂತಿತು. ಹಕ್ಕಿಗಳ ದನಿ ಅಡಗಿತು. ಸುಡುಬಿಸಿಲಲ್ಲೂ ಎಲ್ಲರ ಬಾಯಿಂದ ಹಬೆ ಬಂತು.

"ಯಾರ್ರೀ ಅದು ಆಬ್ಸೆಂಟು?" ಕಂಡಕ್ಟರ್ ಲೋಕಪ್ಪ ಕೂಗಿದ.

"ಗುಡ್ಡಮ್ಮನ ಮಗ ತೀರ್ಥೇಶ ಕಣೋ," ಎಂದರು ಪಕ್ಕದ ಮನೆಯ ರಾಜೇಶ್ವರಮ್ಮ. "ಒಂದ್ಸಲ ಹೇಳಿಬಿಡಾ ಮಾರಾಯ, ನಾಲ್ಗೆ ಸವೀತದಾ?"

"ಅತ್ತೆ, ನಾನೀಗ ಡಾಕ್ಟರ್! ಡಾಕ್ಟರ್ ಅಂದ್ರೆ ಲ್ಯಾಟಿನ್ನಲ್ಲಿ ಕಲಿಸುವವನು ಅಂತ. ಯುರೋಪಿನಲ್ಲಿ ಹಿಂದೆ ಪಾಠ ಹೇಳೋಕೆ ಪರವಾನಗಿ ಸಿಕ್ಕವರಿಗೆ ಆ ಹೆಸರು ಕೊಡ್ತಿದ್ರು. ಸೂಜಿ ಚುಚ್ಚೋರೆಲ್ಲ ಆಮೇಲೆ ಬಂದೋರು. ಕಲಿಸುವವನು ಹಾಜರಿ ತಗೋತಾನೆ, ಹೇಳಲ್ಲ!"

"ಹಂಗಾರೆ ಒಳಗೆ ಹೋಗಿ ತಗಾ, ನೋಡಾಣ," ಎಂದ ಲೋಕಪ್ಪ.

ಬಸ್ಸಿಗೆ ಬಸ್ಸೇ ನಕ್ಕಿತು. ತೀರ್ಥೇಶ ಇಳಿದೇಬಿಟ್ಟ.

ಒಳಗೆ ಬಾವಲಿಯ ವಾಸನೆ. ಮೇಜಿನ ಮೇಲೆ ಹಾಜರಿ ಪುಸ್ತಕ. ಶಾಯಿ ಇನ್ನೂ ಹಸಿ. ಖುರ್ಚಿಯಲ್ಲಿ ಕೂತು ಮೊದಲ ಹೆಸರು ಕರೆದ. "ಸಣ್ಣಬೀರಪ್ಪ!"

ಹೋದ ವರ್ಷ ಮಣ್ಣಾದ ಸಣ್ಣಬೀರಪ್ಪ ಖಾಲಿ ಬೆಂಚಿನಿಂದ ಓಗೊಟ್ಟ: "ಹಾಜರ್ ಸಾರ್."

ತೀರ್ಥೇಶ ಪಟ್ಟನೆ ಪುಸ್ತಕ ಮುಚ್ಚಿದ. ಬಾಯಿ ಮಾತ್ರ ತಾನಾಗಿ ಹೆಸರು ಕರೆಯುತ್ತಲೇ ಹೋಯಿತು. ಒಂದೊಂದು ಹೆಸರಿಗೂ ಒಂದೊಂದು ಬೆಂಚಿನ ಧೂಳು ಎದ್ದು ನಿಂತಿತು. ಕೊನೆಯ ಹೆಸರು ಮುಗಿದಾಗ ಕಿವಿಯ ಹಿಂದೆ ತಣ್ಣನೆ ಉಸಿರು, ಆನಂದಪ್ಪ ಮೇಷ್ಟ್ರ ದನಿ.

"ಬಂದ್ಯೇನೋ ತೀರ್ಥೇಶ? ನಾನಿನ್ನು ಹೊರಟೆ. ಸಂಜೆ ಗಂಟೆ ಹೊಡಿಯೋ ತನಕ ಮೇಷ್ಟ್ರಾದೋನು ಖುರ್ಚಿ ಬಿಟ್ಟು ಏಳಬಾರದು."

ಖುರ್ಚಿ ಅವನನ್ನು ಹಲಸಿನ ಮೇಣದಂತೆ ಹಿಡಿದುಕೊಂಡಿತು. ಹೊರಗೆ ಬಸ್ಸು ಗುರುಗುಟ್ಟಿ ಹೊರಟುಹೋಯಿತು.

ಸಂಜೆ ಯಾರೂ ಮುಟ್ಟದ ಗಂಟೆ ತಾನೇ ಹೊಡೆದುಕೊಂಡಿತು, ಖುರ್ಚಿ ಬಿಟ್ಟಿತು. ತೆವಳುತ್ತ ರಸ್ತೆಗೆ ಬಂದರೆ ಅದೇ ಬಸ್ಸು ಎದುರಾಯಿತು.

"ಲೋಕಪ್ಪಣ್ಣ, ಕಾಲೇಜಿನೋರು ಇನ್ನೊಂದಿನ ಕೊಡ್ತಾರೇನೋ ಅಲ್ಲಾ?"

"ಎಲ್ಲಿಂದ ಕೊಡ್ತಾರಾ! ಕೆಲಸ ಆನಂದಪ್ಪ ಮೇಷ್ಟ್ರಿಗೆ ಆತು. ಬೆಳಿಗ್ಗೆ ನಿನ್ನ ಸೀಟಲ್ಲೇ ಕೂತು ಬಂದ್ರು. ಪಿಎಚ್.ಡಿ. ಎಲ್ಲಿ ಅಂದಿದ್ದಕ್ಕೆ, 'ನಲವತ್ತು ವರ್ಷ ಕಲಿಸಿದೀನಿ, ನಿಮಗಿನ್ನೆಂಥ ಡಾಕ್ಟರ್ ಬೇಕ್ರೀ?' ಅಂದ್ರಂತೆ. ಕಾಲೇಜಿನೋರು ಎದ್ದು ನಿಂತು ಕೈ ಮುಗಿದ್ರಂತೆ."

ಲೋಕಪ್ಪ ಸೀಟಿ ಊದಿ, ಕಿಟಕಿಯಿಂದ ಬಗ್ಗಿ ದನಿ ತಗ್ಗಿಸಿದ.

"ನಾಳೆ ಹತ್ತಕ್ಕೆ ಸರಿಯಾಗಿ ಶಾಲೆಗೆ ಬರ್ಬೇಕಂತೆ ನೀನು. ಹುಡುಗ್ರು ಕಾಯ್ತಿರ್ತಾವಂತೆ."