ಮತದಾನಕ್ಕೆ ಅಕ್ಷತೆ ಕೊಟ್ಟು ಕರೆದದ್ದು

ನಮ್ಮ ಓಣಿಯವರು ಸಾಲುಗಟ್ಟಿ ನಿಂತು ಮತ ಹಾಕುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದು ಹೇಳಿದವರು ನನ್ನ ಸೋದರಮಾವ ಚನ್ನಬಸಪ್ಪ. ಬೆಟಗೇರಿಯ ನಮ್ಮ ಓಣಿಯ ಬಾಯಿಗೇ ಅವರದೊಂದು ಕಿರಾಣಿ ಅಂಗಡಿ. ಆ ಅಂಗಡಿಯ ಕಟ್ಟೆಯ ಮೇಲೆ, ಶೇಂಗಾ ಚೀಲಕ್ಕೆ ಒರಗಿಕೊಂಡು, ನಾಲ್ಕು ಮಂದಿಯ ಎದುರಿಗೆ ಹೇಳಿದರು.

“ಲೇ ಶಿವಾನಂದ, ನಮ್ಮ ಮಂದಿ ನಳಕ್ಕ ನೀರು ಬಂದ್ರ ಹೊರಗ ಬರ್ತಾರ, ಜಗಳಾ ಹತ್ತಿದ್ರ ಹೊರಗ ಬರ್ತಾರ. ಓಟಿಗಂದ್ರ ಬರಂಗಿಲ್ಲ. ನಿನ್ನ ಬಿ.ಎ. ತಂದು ಬಾಗಲದಾಗ ನಿಂದ್ರಿಸಿದ್ರೂ ಬರಂಗಿಲ್ಲ.”

ಬಿ.ಎ. ಮಾತು ತೆಗೆಯಬಾರದಿತ್ತು. ಯಳವತ್ತಿಯಿಂದ ಬಂದು ಗದಗಿನಲ್ಲಿ ಕಾಳಿನ ಚೀಲ ಹೊತ್ತ ನನ್ನ ಅಪ್ಪನ ಮನೆತನಕ್ಕೆ ಪದವಿ ಎಂಬುದು ಬಂದದ್ದು ನನ್ನಿಂದಲೇ ಮೊದಲು. ಹಗಲು ಬೈಂಡಿಂಗ್ ಅಂಗಡಿಯಲ್ಲಿ ಬೇರೆಯವರು ಓದುವ ಪುಸ್ತಕಗಳಿಗೆ ಅಂಟು ಹಚ್ಚಿ, ಸಂಜೆ ನನ್ನ ಪುಸ್ತಕ ಓದಿ, ಇಂಗ್ಲಿಷಿನಲ್ಲಿ ಮುಗ್ಗರಿಸಿ, ಎದ್ದು, ಮತ್ತೆ ಮುಗ್ಗರಿಸಿ ಪಡೆದ ಪದವಿ ಅದು. ಮಾವನ ಪ್ರಕಾರ ಅದರಿಂದ ಓಣಿಗೆ ಇದುವರೆಗೆ ಒಂದು ಕಡ್ಡಿಯಷ್ಟೂ ಉಪಯೋಗವಾಗಿಲ್ಲ. ಹೀಗಾಗಿ ಆ ಸಲದ ನಗರಸಭೆ ಚುನಾವಣೆಗೆ ನಮ್ಮ ವಾರ್ಡಿನಲ್ಲಿ ಯಾರು ಯಾರು ನಿಂತಿದ್ದರೋ ಇರಲಿ, ನನ್ನ ಮಟ್ಟಿಗೆ ನಿಂತದ್ದು ನನ್ನ ಬಿ.ಎ.!

ಮತದಾರರ ಜಾಗೃತಿ ಸಮಿತಿಯವರು ಓಣಿಗೊಬ್ಬ ‘ಮತದಾನ ಪ್ರೇರಕ’ ಬೇಕೆಂದು ಕೇಳಿದಾಗ ಕೈ ಎತ್ತಿದೆ. ನಮ್ಮ ಓಣಿಯಿಂದ ಇನ್ನೊಂದು ಕೈ ಏಳಲಿಲ್ಲ. ಅವಿರೋಧ ಆಯ್ಕೆ! ಒಂದು ಟೊಪ್ಪಿಗೆ ಕೊಟ್ಟರು. ಅದು ಕಿವಿ ಮುಚ್ಚಿ ಇಳಿಯುತ್ತಿತ್ತು. ಜವಾಬ್ದಾರಿ ದೊಡ್ಡದೆಂದು ಅದರಿಂದಲೇ ತಿಳಿಯಿತು.

ನಾನು ಸಮಸ್ಯೆಯನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದೆ. ಅಂದರೆ, ಮನೆಯ ಕಟ್ಟೆಗೆ ಕುಳಿತು ಚಹಾ ಕುಡಿದೆ. ನಮ್ಮ ಜನ ಲಕ್ಷ್ಮೇಶ್ವರದ ಮದುವೆಗೆ ಟೆಂಪೊ ಮಾಡಿಕೊಂಡು ಹೋಗುತ್ತಾರೆ. ಮುಂಡರಗಿಯಲ್ಲಿ ಬಸುರಿಗೆ ಕುಬಸ ಮಾಡುವ ಕಾರ್ಯವಿದ್ದರೆ ಬಸ್ಸಿನಲ್ಲಿ ನಿಂತುಕೊಂಡಾದರೂ ಹೋಗುತ್ತಾರೆ. ಓಣಿಯ ಶಾಲೆಗೆ ನಡೆದುಹೋಗಿ ಒಂದು ಗುಂಡಿ ಒತ್ತುವುದಕ್ಕೆ ಮಾತ್ರ ಆಗುವುದಿಲ್ಲ. ಯಾಕೆ? ಮದುವೆಗೆ ಮನೆಗೆ ಬಂದು ಕರೆಯುತ್ತಾರೆ. ಚುನಾವಣೆಗೆ ಆಟೋಕ್ಕೆ ಧ್ವನಿವರ್ಧಕ ಕಟ್ಟಿ ಒದರುತ್ತಾರೆ. ಆಟೋ ಒದರಿದರೆ ಮಾನವಂತರು ಎದ್ದು ಹೋಗುತ್ತಾರೆಯೇ?

ಮರುದಿನವೇ ಗೆಳೆಯನ ಪ್ರೆಸ್ಸಿನಲ್ಲಿ ಆಮಂತ್ರಣ ಪತ್ರಿಕೆ ಅಚ್ಚಾಯಿತು. ಅರಿಷಿಣ ಬಣ್ಣದ ಕಾಗದ, ಕೆಂಪು ಅಕ್ಷರ. “ಮತದಾನ ಮಹೋತ್ಸವ. ಶುಭಮುಹೂರ್ತ: ಮುಂಜಾನೆ ಏಳರಿಂದ. ಸ್ಥಳ: ಓಣಿಯ ಸರ್ಕಾರಿ ಕನ್ನಡ ಶಾಲೆ. ಉಡುಗೊರೆ ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ತಮ್ಮ ಆಗಮನಾಭಿಲಾಷಿ: ಶಿವಾನಂದ, ಬಿ.ಎ.”

ಹೆಂಡತಿ ಸುಮಾ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಸಹಕುಟುಂಬ ಸಹಪರಿವಾರ ಅಂತ ಹಾಕಿಲ್ಲಲ್ರಿ?”

“ಸಹಕುಟುಂಬ ಅಂದ್ರ ಸಣ್ಣ ಹುಡುಗೂರೂ ಬಂದಂಗಾತು. ಹದಿನೆಂಟು ತುಂಬದವ್ರಿಗೆ ಓಟಿನ ಹಕ್ಕಿಲ್ಲ, ಸುಮಾ. ಅದು ಕಾಯ್ದೆಕ್ಕ ವಿರುದ್ಧ!”

“ನಿಮಗ ಗೊತ್ತಿರ್ತೈತಿ ಬಿಡ್ರಿ. ಬಿ.ಎ. ಆಗೀರಿ.”

ಅದನ್ನು ನಾನು ಪ್ರಶಂಸೆ ಎಂದು ಸ್ವೀಕರಿಸಿದೆ.

ಗಂಡ ಹೆಂಡತಿ ಇಬ್ಬರೂ ಮನೆಮನೆಗೆ ಹೋದೆವು. ಆಕೆ ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿದಳು. ನಾನು ಆಯಾ ಮನೆಯ ಹಿರಿಯರ ಹೆಸರು ಬರೆದ ಪತ್ರಿಕೆಯನ್ನೂ ನಾಲ್ಕು ಕಾಳು ಅಕ್ಷತೆಯನ್ನೂ ಅವರ ಕೈಗಿಟ್ಟು ನಮಸ್ಕಾರ ಮಾಡಿದೆ. ಓಣಿಗೇ ದೊಡ್ಡ ಮನೆಯ ಶೇಖಪ್ಪ ಕಾಕಾ ಕಣ್ಣರಳಿಸಿದರು.

“ಲಗ್ನ ಯಾರದೋ?”

“ಲಗ್ನ ಅಲ್ಲ ಕಾಕಾ, ಓಟು.”

“ಓಟಿಗೆ ಅಕ್ಷತಿ ಕೊಟ್ಟು ಕರದದ್ದು ನಾ ಹುಟ್ಟಿದಾಗಿಂದ ನೋಡಿಲ್ಲ! ಇಷ್ಟು ಮರ್ಯಾದಿ ಕೊಟ್ಟ ಮ್ಯಾಲ ತಪ್ಪಿಸಾಕ ಬರ್ತೈತೇನು? ನಮ್ಮ ಮನಿಯಿಂದ ಬಂದಽ ಬರ್ತೀವಿ, ಆತಿಲ್ಲೋ?”

ಎಲ್ಲ ಮನೆಗಳಲ್ಲೂ ಇದೇ ಸಂತೋಷ, ಇದೇ ಮಾತು. ತಪ್ಪಿದ್ದು ನಿಂಗವ್ವಕ್ಕನ ಹತ್ತಿರ ಮಾತ್ರ. ಆಕೆ ನಳದ ಹತ್ತಿರ ಕೊಡ ಹಿಡಿದು ಎದುರಾದಳು. ಹೇಗೂ ಸಿಕ್ಕಳಲ್ಲ ಎಂದು ಅಲ್ಲಿಯೇ ಪತ್ರಿಕೆ ಕೊಟ್ಟುಬಿಟ್ಟೆ.

“ಹೌದೇನೋ ಶಿವಾನಂದ, ಮಂದಿಗೆ ಮನಿತನಕ ಅಕ್ಷತಿ, ನಮಗ ಹಾದ್ಯಾಗ ಕಾಗದ? ನಮ್ಮ ಮನಿಯಿಂದ ಒಂದು ನಾಯಿನೂ ಬರಂಗಿಲ್ಲ, ಹೋಗು!”

ಹಿಂದಿನ ಚುನಾವಣೆಗಳಲ್ಲೂ ಆ ಮನೆಯವರು ಮತ ಹಾಕಿದವರಲ್ಲ. ಆದರೆ ಆಗ ಅವರ ಹತ್ತಿರ ಕಾರಣವಿರಲಿಲ್ಲ. ಈಗ ನಾನು ಒದಗಿಸಿದ್ದೆ!

ಮತದಾನದ ದಿನ ಏಳು ಬಡಿಯುವುದರೊಳಗೆ ಶಾಲೆಯ ಮುಂದೆ ಸಾಲು. ಹಿರಿಯರು ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ ಬಂದಿದ್ದರು. ಅಜ್ಜಿಯರು ಪೆಟ್ಟಿಗೆಯಿಂದ ಇಳಕಲ್ಲ ಸೀರೆ ತೆಗೆದಿದ್ದರು. ಶೇಖಪ್ಪ ಕಾಕಾ ಗುಂಡಿ ಒತ್ತಿ, ಯಂತ್ರ ಪೀಂ ಎಂದ ಕೂಡಲೆ ಜೇಬಿನಲ್ಲಿದ್ದ ಅಕ್ಷತೆ ತೆಗೆದು ಅದರ ಮೇಲೆ ಹಾಕಿದರು. ಮತಗಟ್ಟೆಯ ಅಧಿಕಾರಿ ಬೆಚ್ಚಿ ಎದ್ದುನಿಂತರು.

“ಯಜಮಾನ್ರ, ಏನು ಹಾಕಿದ್ರಿ ಅದರ ಮ್ಯಾಲ?”

“ಗಟ್ಟಿಮೇಳ ಆತಲ್ರಿ!”

ಸಾಲಿನಲ್ಲಿ ಮಾವನೂ ಇದ್ದರು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, “ನಾ ಸೋತ್ನಿ ಅಂತ ತಿಳ್ಕೋ” ಎಂದರು. ನಾನು ಟೊಪ್ಪಿಗೆ ಹಿಂದಕ್ಕೆ ಸರಿಸಿ, ಕಿವಿ ತೆರೆದು ಕೇಳಿಸಿಕೊಂಡೆ. ಇಷ್ಟು ವರ್ಷದ ಅಂಟಿನ ಕೆಲಸ ಸಾರ್ಥಕವಾಯಿತು!

ಒಂಬತ್ತಕ್ಕೆ ಸಾಲು ಕರಗಿತು. ಹತ್ತಕ್ಕೆ ಯಾರೂ ಇಲ್ಲ. ಜನ ನಾಷ್ಟಾ ಮುಗಿಸಿ ಬರುತ್ತಾರೆ ಎಂದುಕೊಂಡೆ. ಊಟ ಮುಗಿಸಿ ಬರುತ್ತಾರೆ ಎಂದುಕೊಂಡೆ. ಮಧ್ಯಾಹ್ನ ಮತಗಟ್ಟೆಯಲ್ಲಿ ಎಚ್ಚರವಿದ್ದದ್ದು ಫ್ಯಾನು ಒಂದೇ. ಅಧಿಕಾರಿ ಆಕಳಿಸುತ್ತ ಕೇಳಿದರು, “ಪ್ರೇರಕರ, ಪ್ರೇರಣಾ ಮುಗೀತೇನ್ರಿ?”

ನಾನು ಶೇಖಪ್ಪ ಕಾಕಾನ ಮನೆಗೆ ಓಡಿದೆ. ಮಕ್ಕಳು, ಸೊಸೆಯರು, ಬೆಳೆದ ಮೊಮ್ಮಕ್ಕಳು ಎಲ್ಲರೂ ಟಿ.ವಿ. ಮುಂದೆ. ನಡುವೆ ಒಂದು ಬುಟ್ಟಿ ಮಿರ್ಚಿ ಭಜಿ. ಒಬ್ಬರ ಬೆರಳಿಗೂ ಶಾಯಿಯಿಲ್ಲ, ಎಣ್ಣೆ ಮಾತ್ರ.

“ಮಲ್ಲಣ್ಣಾ, ಯಾರೂ ಓಟಿಗೆ ಬಂದಽ ಇಲ್ಲಲ್ಲೋ?” ಎಂದೆ ಹಿರಿಯ ಮಗನಿಗೆ.

“ಬರಲಾರದಽ ಏನು? ಅಪ್ಪ ಬಂದು ಹೋದ್ನಲ್ಲ.”

“ಅಪ್ಪ ಬಂದ. ನೀವು?”

“ಮನಿಗೊಬ್ರು ಬಂದ್ರ ಸಾಲಂಗಿಲ್ಲೇನು? ಪತ್ರಿಕಿ ಮ್ಯಾಲ ಅಪ್ಪನ ಹೆಸರೊಂದಽ ಐತಿ. ಸಹಕುಟುಂಬ ಅಂತ ನೀ ಹಾಕಿಲ್ಲ. ಕರೀದಽ ಮನಿಮಂದೆಲ್ಲಾ ನುಗ್ಗಿದ್ರ ನೋಡಿದವ್ರು ಏನಂದಾರು?”

ನಮ್ಮ ಕಡೆ ಸಹಕುಟುಂಬ ಎಂದು ಕರೆಯದಿದ್ದರೆ ಮನೆಗೆ ಒಬ್ಬರೇ ಹೋಗುವುದು ಮರ್ಯಾದೆ. ಕರೆದವರಿಗೆ ಭಾರವಾಗಬಾರದಲ್ಲ. ಹುಟ್ಟಿದಾಗಿನಿಂದ ನಾನೂ ಹಾಗೆಯೇ ನಡೆದುಕೊಂಡವನು. ಕಾಯ್ದೆ ಓದುವ ಭರದಲ್ಲಿ ಮರೆತಿದ್ದೆ!

“ಅಲ್ಲಲೇ ಮಲ್ಲಣ್ಣಾ, ಇದೇನು ಊಟದ ಪಂಕ್ತಿ ಏನು?”

“ಅದಽ ಮತ್ತ! ಊಟಾನೂ ಇಲ್ಲ. ಊಟ ಇಲ್ಲದಲ್ಲಿಗೆ ಇಷ್ಟು ಮಂದಿ ಬಂದು ಮಾಡೋದೇನೈತಿ? ಭಜಿ ತಗೋ.”

ಭಜಿ ತಿನ್ನುತ್ತಲೇ ಮುಂದಿನ ಮನೆಗೆ ಓಡಿದೆ. ಅಲ್ಲಿ ಅಜ್ಜಿ ಬಂದು ಹೋಗಿದ್ದರು. ಅದರ ಮುಂದಿನ ಮನೆಯಲ್ಲಿ ಯಾರು ಹೋಗಬೇಕೆಂದು ಅಣ್ಣತಮ್ಮಂದಿರಲ್ಲಿ ಚರ್ಚೆಯಾಗಿ, ಸರ್ವಾನುಮತದಿಂದ ಅಣ್ಣನನ್ನು ಕಳಿಸಿದ್ದರು. ಇಡೀ ಓಣಿಯಲ್ಲಿ ಪ್ರಜಾಪ್ರಭುತ್ವ ಮನೆಯೊಳಗೇ ಮುಗಿದುಹೋಗಿತ್ತು! “ಈಗ ಸಹಕುಟುಂಬ ಕರಿಯಾಕತ್ತೀನ್ರಿ, ಎಲ್ಲಾರೂ ಏಳ್ರಿ” ಎಂದು ಕೈಮುಗಿದೆ. “ಮುಹೂರ್ತ ಮುಂಜಾನೇದು ಅಂತ ನೀನಽ ಛಾಪಿಸೀದಿ. ದಾಟಿ ಹೋದ ಮ್ಯಾಲ ಕರದ್ರ ಹೆಂಗ?” ಎಂದರು. ಈ ಓಣಿಯಲ್ಲಿ ಇಷ್ಟು ಶ್ರದ್ಧೆಯಿಂದ ಓದುವವರಿದ್ದಾರೆಂದು ನನಗೆ ತಿಳಿದಿರಲಿಲ್ಲ.

ಹೊತ್ತು ಇಳಿಯುವಾಗ ಸೋತು ಮನೆಗೆ ಬಂದೆ. ಸುಮಾ ಜೋಳ ಹಸನು ಮಾಡುತ್ತ ಕುಳಿತಿದ್ದಳು. ನೀರು ಕೊಡಲು ಬಂದಾಗ ಆಕೆಯ ಎಡಗೈ ಕಂಡಿತು. ಸ್ವಚ್ಛವಾಗಿತ್ತು.

“ಸುಮಾ! ನೀನು?”

“ಮುಂಜಾನೆ ಏಳಕ್ಕ ಎಲ್ಲಾರಕಿಂತ ಮೊದಲ ನೀವು ಹೋಗಿ ಹಾಕಿ ಬಂದ್ರಲ್ರಿ. ನಮ್ಮ ಮನಿಯಿಂದ ಒಬ್ರಾತು.”

ಆಕೆಯ ಕೈಹಿಡಿದು ಶಾಲೆಯ ಕಡೆ ಓಡಿದೆ. ಮದುವೆಯಲ್ಲೂ ನಾನು ಆ ಕೈಯನ್ನು ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ. ನಿಂಗವ್ವಕ್ಕ ತನ್ನ ಬಾಗಿಲಲ್ಲಿ ನಿಂತು, “ಜಲ್ದಿ ಓಡ್ರಿ, ಜಲ್ದಿ! ಅಕ್ಷತಿ ಬೀಳಾಕತ್ತಾವು!” ಎಂದು ಕೂಗಿದಳು. ನಾವು ಮುಟ್ಟುವಾಗ ಪೊಲೀಸರು ಗೇಟು ಹಾಕಿ ಚಿಲಕ ಜಗ್ಗಿ ನೋಡುತ್ತಿದ್ದರು.

ನಮ್ಮ ಮತಗಟ್ಟೆಯಲ್ಲಿ ಹೋದ ಸಲಕ್ಕಿಂತ ಕಡಿಮೆ ಮತ ಬಿದ್ದಿತ್ತು. ಹೋದ ಸಲ ಯಾರೂ ಕರೆದಿರಲಿಲ್ಲ. ಬೇಸರವಾದವರು, ತರಕಾರಿ ತರಲು ಹೊರಟವರು, ಗಂಡನ ಜೊತೆ ಹೆಂಡತಿ, ಅಣ್ಣನ ಹಿಂದೆ ತಮ್ಮ, ಹೀಗೆ ತೋಚಿದಂತೆ ಬಂದು ಹಾಕಿದ್ದರು. ಉದಾಸೀನದಿಂದ ಮತ ಹಾಕದವರು ಎಲ್ಲ ಊರಲ್ಲೂ ಇದ್ದಾರೆ. ಶಿಸ್ತಿನಿಂದ ಮತ ಹಾಕದೆ ಉಳಿದ ಓಣಿ ನಮ್ಮದೊಂದೇ ಇರಬೇಕು!

ಆದರೆ ಪ್ರೇರಕರ ಪ್ರಮಾಣಪತ್ರಗಳು ಮತದಾನಕ್ಕೆ ಮೊದಲೇ ಅಚ್ಚಾಗಿದ್ದವು. ಸಮಿತಿಯವರು ಸಮಾರಂಭ ಮಾಡಿ, ಹೆಸರು ಕೂಗಿ, “ಮತದಾನ ಪ್ರಮಾಣವನ್ನು ಹೆಚ್ಚಿಸುವಲ್ಲಿ ಸಲ್ಲಿಸಿದ ಗಣನೀಯ ಸೇವೆಗಾಗಿ” ಎಂಬ ಹೊಳೆಯುವ ಕಾಗದವನ್ನು ನನ್ನ ಕೈಗಿತ್ತರು. ಚಪ್ಪಾಳೆಯೂ ಆಯಿತು. ಕೆಳಗಿಳಿದು ಬಂದಾಗ ಮಾವ ಅದನ್ನು ಇಸಿದುಕೊಂಡು, ಕನ್ನಡಕ ಏರಿಸಿ, ಕೊನೆಯ ಸಹಿಯವರೆಗೆ ಓದಿ, ಮಡಚದೆ ಜೋಪಾನವಾಗಿ ಹಿಂದಿರುಗಿಸಿದರು.

“ಶಿವಾನಂದ, ನೀ ಓದಿದಾಂವ. ನಾ ಹೇಳೋದು ತಪ್ಪಿದ್ರ ಬಿಟ್ಟುಬಿಡು. ಮುಂದಿನ ಸಲ ಯಾರನ್ನೂ ಕರೀಬ್ಯಾಡ. ನೀ ಕರೀದಿದ್ರ ಹೋದ ಸಲದಷ್ಟಾದ್ರೂ ಮಂದಿ ಬರ್ತಾರ!”